ಟೆಕ್ಸಾಸ್ ಜಮೀನು, ಫೆಡರಲ್ ಕೋರ್ಟು ಮತ್ತು ಒಬ್ಬ ಪಾಲುದಾರ

ಡಲ್ಲಾಸ್ ಹೊರವಲಯದ ಒಂದು ಜಮೀನಿನ ತಕರಾರು ನನ್ನ ಬಳಿ ಬಂದಾಗ ಕಕ್ಷಿದಾರರದ್ದು ಒಂದೇ ಹಟ: ರಾಜ್ಯದ ಕೋರ್ಟು ಬೇಡ, ಫೆಡರಲ್ (ಕೇಂದ್ರದ) ಕೋರ್ಟೇ ಬೇಕು. ಎದುರಾಳಿ ಕಂಪನಿ ಅಲ್ಲಿ ಬೇರೂರಿದ್ದು. ಟೆಕ್ಸಾಸಿನ ನ್ಯಾಯಾಧೀಶರು ಪಕ್ಷದ ಹೆಸರಲ್ಲಿ ಚುನಾವಣೆ ಗೆದ್ದು ಬರುವವರು. ಫೆಡರಲ್ ನ್ಯಾಯಾಧೀಶರದ್ದು ಜೀವಾವಧಿ ನೇಮಕ, ಜ್ಯೂರಿಯೂ (ತೀರ್ಪು ಹೇಳುವ ನಾಗರಿಕರ ಗುಂಪು) ಹಲವು ಕೌಂಟಿಗಳಿಂದ, ಅಂದರೆ ಜಿಲ್ಲೆಗಳಿಂದ, ಬರುತ್ತದೆ. ನಮ್ಮೂರಲ್ಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮಿನಂತೆ ಜಮೀನು ಎಲ್ಲಿದೆಯೋ ಅಲ್ಲೇ ದಾವೆ, ಮುಗಿಯಿತು.

ಫೆಡರಲ್ ಕೋರ್ಟಿಗೆ ಹೋಗಲು ನಮಗಿದ್ದ ದಾರಿ ಒಂದೇ. ವಾದಿ, ಪ್ರತಿವಾದಿ ಬೇರೆ ಬೇರೆ ರಾಜ್ಯದವರಾಗಿರಬೇಕು, ವಿವಾದದ ಮೌಲ್ಯ 75,000 ಡಾಲರ್ ದಾಟಬೇಕು. ಮೌಲ್ಯದ ಚಿಂತೆಯಿರಲಿಲ್ಲ. ಜಮೀನಿದ್ದದ್ದು ಕಕ್ಷಿದಾರರ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಲ್ಲಿ, ತೊಡಕು ಅಲ್ಲಿ. ಕಾರ್ಪೊರೇಷನ್‌ಗೆ ನೋಂದಣಿಯ ರಾಜ್ಯ ಮತ್ತು ಮುಖ್ಯ ಕಚೇರಿಯ ರಾಜ್ಯ ಮಾತ್ರ ಲೆಕ್ಕ. ಎಲ್‌ಎಲ್‌ಸಿಗೆ ಪ್ರತಿ ಸದಸ್ಯನ, ಅಂದರೆ ಪಾಲುದಾರನ, ರಾಜ್ಯವೂ ಲೆಕ್ಕ. ಇಬ್ಬರು ಕ್ಯಾಲಿಫೋರ್ನಿಯಾದವರು, ಮೂರನೆಯವರು ಟೆಕ್ಸಾಸಿನ ಪ್ಲೇನೋದವರು. ಎದುರಾಳಿಯೂ ಟೆಕ್ಸಾಸಿನದೇ, ಹಾಗಾಗಿ ದಾರಿ ಮುಚ್ಚಿತ್ತು.

"ಡೆಲವೇರ್‌ನಲ್ಲಿ ಹೊಸ ಕಂಪನಿ ಮಾಡಿ ಜಮೀನು ಅದಕ್ಕೆ ಬರೆದುಕೊಟ್ರೆ ಆಯ್ತಲ್ಲ ಸಾರ್" ಅಂದರು ಹಿರಿಯ ಪಾಲುದಾರರು.

ಇದನ್ನು 1893ರಲ್ಲೇ ಒಬ್ಬರು ಮಾಡಿ ನೋಡಿದ್ದಾರೆ. ವರ್ಜೀನಿಯಾ ಕಂಪನಿಯೊಂದರ ಷೇರುದಾರರು ಪೆನ್ಸಿಲ್ವೇನಿಯಾದಲ್ಲಿ ಲೀಹೈ ಮೈನಿಂಗ್ ಎಂಬ ಕಂಪನಿ ಹುಟ್ಟುಹಾಕಿ, ಜಮೀನು ಅದಕ್ಕೆ ವರ್ಗಾಯಿಸಿ ದಾವೆ ಹೂಡಿದರು. ಹಳೆಯ ಕಂಪನಿ ಹಾಗೇ ಇತ್ತು, ಬೇಕಾದಾಗ ಜಮೀನು ವಾಪಸ್ ಪಡೆಯಬಹುದಿತ್ತು. ನಮ್ಮ ಮಾತಲ್ಲಿ ಬೇನಾಮಿ. 1895ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊರಗಟ್ಟಿತು. 1928ರಲ್ಲಿ ಕೆಂಟಕಿಯ ಟ್ಯಾಕ್ಸಿ ಕಂಪನಿಯೊಂದು ತನ್ನನ್ನು ಪೂರ್ತಿ ವಿಸರ್ಜಿಸಿಕೊಂಡು ಟೆನೆಸ್ಸೀಯಲ್ಲಿ ಹೊಸದಾಗಿ ನೋಂದಾಯಿಸಿಕೊಂಡಾಗ ಅದೇ ಕೋರ್ಟು ಒಪ್ಪಿತು. ಉದ್ದೇಶ ಎರಡರಲ್ಲೂ ಒಂದೇ. ಎರಡನೆಯವರು ವಾಪಸ್ ಬರುವ ದಾರಿ ಉಳಿಸಿಕೊಂಡಿರಲಿಲ್ಲ. (1958ರ ತಿದ್ದುಪಡಿಯಲ್ಲಿ ಮುಖ್ಯ ಕಚೇರಿಯೂ ಲೆಕ್ಕಕ್ಕೆ ಸೇರಿದ್ದರಿಂದ ಆ ಟ್ಯಾಕ್ಸಿ ಉಪಾಯ ಇಂದು ನಡೆಯದು.)

ನಾನು ಹಿಡಿದದ್ದು ಪ್ಲೇನೋದವರ ಹಳೆಯ ಇಮೇಲ್‌ಗಳನ್ನು. ತಕರಾರು ಏಳುವ ಮೊದಲೇ ಅವರು ಪಾಲು ಮಾರಿ ಹೊರಬರುವ ಮಾತಾಡಿದ್ದರು. ಪಾಲನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಅವರ ಭಾವಮೈದನ ಹೆಸರಿಗೆ ಹಾಕೋಣ ಅಂತ ಸಲಹೆ ಬಂತು, ಅದು ಲೀಹೈ ಕಥೆಯೇ, ಬೇಡವೆಂದೆ. ಹೊರಗಿನವರಿಂದ ಬೆಲೆ ಕಟ್ಟಿಸಿ, ಉಳಿದಿಬ್ಬರಿಂದ ಬ್ಯಾಂಕ್ ಮೂಲಕ ಪೂರ್ತಿ ಹಣ ಕೊಡಿಸಿದೆ. ಮರುಖರೀದಿ ಶರತ್ತು ಇಲ್ಲ, ಗೆದ್ದರೆ ಒಂದಿಷ್ಟು ಕೊಡುತ್ತೇವೆಂಬ ಬಾಯಿಮಾತೂ ಇಲ್ಲ. ಇದೆಲ್ಲ ಮುಗಿದ ಮೇಲಷ್ಟೇ ದಾವೆ, ಯಾಕೆಂದರೆ ದಾವೆ ಹೂಡಿದ ದಿನದ ಸ್ಥಿತಿಯೇ ಅಂತಿಮ. ಪಾಲುದಾರರು ನಂತರ ಹೊರನಡೆದರೆ ದೋಷ ಅಳಿಯದು ಎಂದು 2004ರ ತೀರ್ಪಿದೆ.

2022ರ ಡಿಸೆಂಬರ್‌ನಿಂದ ಸದಸ್ಯರೆಲ್ಲರ ರಾಜ್ಯವನ್ನು ಮೊದಲೇ ಲಿಖಿತವಾಗಿ ಕೊಡಬೇಕು, ಕೊಟ್ಟೆವು. ಎದುರಿನವರು ಬಿಡಲಿಲ್ಲ, ಬ್ಯಾಂಕ್ ದಾಖಲೆ, ತೆರಿಗೆ ಪತ್ರ, ವಾಟ್ಸಾಪ್ ಎಲ್ಲ ಕೇಳಿದರು. ಒಂದು ಸಂದೇಶದಲ್ಲಿ ಫೆಡರಲ್ ಕೋರ್ಟಿನ ಆಸೆ ಸಾಫಾಗಿಯೇ ಇತ್ತು, ಅದನ್ನೂ ಕೊಟ್ಟೆವು. ಮುಚ್ಚಿಟ್ಟರೆ ಆಮೇಲೆ ಕಾಡುತ್ತದೆ, ಯಾಕೆಂದರೆ ನ್ಯಾಯವ್ಯಾಪ್ತಿಯ (ದಾವೆ ಕೇಳುವ ಅಧಿಕಾರದ) ದೋಷವನ್ನು ಮೇಲ್ಮನವಿಯಲ್ಲೂ ಎತ್ತಬಹುದು. 1804ರಲ್ಲಿ ಸೋತ ವಾದಿಯೇ ತನ್ನ ದಾವೆಗೆ ವ್ಯಾಪ್ತಿ ಇರಲಿಲ್ಲವೆಂದು ವಾದಿಸಿ ತೀರ್ಪು ರದ್ದು ಮಾಡಿಸಿಕೊಂಡಿದ್ದ!

ಕೋರ್ಟಿಗೆ ವ್ಯಾಪ್ತಿಯಿಲ್ಲವೆಂಬ ಎದುರಿನವರ ಅರ್ಜಿ ತಿರಸ್ಕೃತವಾಯಿತು. ಆಮೇಲೆ ಆ ಫೆಡರಲ್ ನ್ಯಾಯಾಧೀಶರು ಅನ್ವಯಿಸಿದ್ದು ಟೆಕ್ಸಾಸಿನ ಆಸ್ತಿ ಕಾನೂನನ್ನೇ. 1938ರಿಂದ ನಿಯಮ ಹಾಗಿದೆ. ಬದಲಾದದ್ದು ನ್ಯಾಯಾಧೀಶರು ಮತ್ತು ಜ್ಯೂರಿ ಮಾತ್ರ. ಕಕ್ಷಿದಾರರಿಗೆ ಇದನ್ನು ಮೊದಲೇ ಹೇಳಿದ್ದೆ, ಅಷ್ಟೇ ಸಾಕು ಅಂದಿದ್ದರು.