‘ಟೈಮ್ ಮಷಿನ್’ಗೆ ಕನ್ನಡ ಟಿಪ್ಪಣಿ: ಮೂಲಪಾಠದಿಂದ ಕೊನೆಯ ಪ್ರೂಫಿನವರೆಗೆ

ಮುಧೋಳದ ರನ್ನನನ್ನು ಕಾಲೇಜಿನಲ್ಲಿ ಓದಿದವರಿಗೆ ಸಟಿಪ್ಪಣ ಆವೃತ್ತಿ ಹೊಸದೇನಲ್ಲ: ಮೇಲೆ ಪದ್ಯ, ಕೆಳಗೆ ಪಾಠಾಂತರ, ಹಿಂದೆ ಅರ್ಥಕೋಶ. 19ನೇ ಶತಮಾನದ ವಿಜ್ಞಾನ ಕಾದಂಬರಿಗೂ ಇದೇ ಶಿಸ್ತು ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ನಾಲ್ಕೈದು ಜನರ ಓದುಗರ ಬಳಗವಿದ್ದರೆ, ಅದರಲ್ಲಿ ಒಬ್ಬರು ಭೌತಶಾಸ್ತ್ರ ಬಲ್ಲವರು, ಒಬ್ಬರು ಡಿಟಿಪಿ ಬಲ್ಲವರು ಇದ್ದರೆ, ಕೆಲಸ ಶುರು ಮಾಡಬಹುದು.

ಮೊದಲ ಪ್ರಯತ್ನಕ್ಕೆ, ಯಂತ್ರವೇರಿ ದೂರದ ಭವಿಷ್ಯಕ್ಕೆ ಹೋಗುವವನ ಕಥೆಯಾದ ಎಚ್.ಜಿ. ವೆಲ್ಸ್‌ರ ‘ದಿ ಟೈಮ್ ಮಷಿನ್’ ಸರಿಯಾದ ಆಯ್ಕೆ. ಇಂಗ್ಲಿಷಿನಲ್ಲಿ ಸುಮಾರು 32,000 ಪದ, ಅಷ್ಟೇ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಹಾಗಾಗಿ 2007ರ ಜನವರಿ 1ರಿಂದ ಮೂಲಕೃತಿ ಎಲ್ಲರದು. ಆದರೆ ಎರಡು ಕಡೆ ಎಡವುವವರು ಹೆಚ್ಚು. ಈಗಾಗಲೇ ಬಂದಿರುವ ಕನ್ನಡ ಅಥವಾ ಮರಾಠಿ ಅನುವಾದದ ಹಕ್ಕು ಆಯಾ ಅನುವಾದಕರದು. ಮೂಲ ಮುಕ್ತವಾಗಿದ್ದ ಮಾತ್ರಕ್ಕೆ ಅದೂ ಮುಕ್ತವಲ್ಲ. ಇಂಗ್ಲಿಷಿನ ಸಟಿಪ್ಪಣ ಆವೃತ್ತಿಗಳ ಟಿಪ್ಪಣಿಗಳೂ ಹಾಗೆಯೇ. ಅವುಗಳಲ್ಲಿರುವ ಸಂಗತಿಯನ್ನು ಬಳಸಬಹುದು, ವಾಕ್ಯವನ್ನು ಎತ್ತಬಾರದು. ಬೆಳಗಾವಿಯಲ್ಲಿ ಮರಾಠಿ ಬಲ್ಲವರು ಬಹಳ ಜನ, ಅದರಿಂದಲೇ ಕನ್ನಡಕ್ಕೆ ತಂದರೆ ಸುಲಭ ಅನಿಸುತ್ತದೆ. ಬೇಡ. ಅನುವಾದದ ಅನುವಾದಕ್ಕೆ ಬರೆದ ಟಿಪ್ಪಣಿ ಯಾರ ಮಾತಿಗೆ ಬರೆದದ್ದು ಎಂಬುದೇ ತಿಳಿಯುವುದಿಲ್ಲ.

ಯಾವ ಪಾಠ?

ಒಂದೇ ಕೃತಿಯ ಯಾವ ಅಚ್ಚಿನ ಪಠ್ಯ ಹಿಡಿಯಬೇಕು ಎಂಬಲ್ಲೇ ಅರ್ಧದಷ್ಟು ತಪ್ಪು ಆಗುತ್ತದೆ. ಈ ಕಾದಂಬರಿ 1895ರ ಜನವರಿಯಿಂದ ಮೇವರೆಗೆ ‘ನ್ಯೂ ರಿವ್ಯೂ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಹೋಲ್ಟ್, ಲಂಡನ್ನಿನಲ್ಲಿ ಹೈನಮನ್ ಪುಸ್ತಕವಾಗಿ ತಂದರು. ಎರಡೂ ಒಂದೇ ಪಾಠವಲ್ಲ. ಹೋಲ್ಟ್ ಪ್ರತಿ ಯಂತ್ರ ಕಟ್ಟಿದ ಮನುಷ್ಯನ ಪರಿಚಯದಿಂದ ಶುರುವಾಗುತ್ತದೆ, ಹೈನಮನ್ ಪ್ರತಿಯಲ್ಲಿ ಕಥಾನಾಯಕ ಕಾಲಯಾತ್ರಿ ಮೊದಲ ವಾಕ್ಯದಲ್ಲೇ ಗೆಳೆಯರಿಗೆ ಗಹನವಾದ ವಿಷಯ ವಿವರಿಸುತ್ತಾ ಕೂತಿರುತ್ತಾನೆ. ಹೋಲ್ಟ್‌ನವರು ಲೇಖಕರ ಹೆಸರನ್ನೇ ‘ಎಚ್.ಎಸ್. ವೆಲ್ಸ್’ ಎಂದು ತಪ್ಪಾಗಿ ಅಚ್ಚು ಹಾಕಿದ್ದರು. ಮುಂದೆ ವೆಲ್ಸ್‌ರ ಕೃತಿಗಳ ಸಂಗ್ರಹವಾದ 1924ರ ಅಟ್ಲಾಂಟಿಕ್ ಆವೃತ್ತಿಗೆ ಬರುವಾಗ ಹೈನಮನ್‌ನ 16 ಅಧ್ಯಾಯಗಳು 12 ಆದವು. ಅಂತರ್ಜಾಲದಲ್ಲಿ ಸಿಗುವ ಪಠ್ಯದ ಮೊದಲ ವಾಕ್ಯ ಓದಿ, ಅಧ್ಯಾಯ ಎಣಿಸಿ. ಯಾವ ಕುಲದ್ದು ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ನಮ್ಮ ಸಲಹೆ: ಹೈನಮನ್ 1895 ಮೂಲಪಾಠವಾಗಿರಲಿ, 1924ರದ್ದು ಹೋಲಿಕೆಗೆ ಇರಲಿ. ಹಳೆಯ ಪ್ರತಿಯ ಸ್ಕ್ಯಾನ್ ಇಳಿಸಿಕೊಳ್ಳಿ, ಟೈಪಾದ ಪಠ್ಯವನ್ನು ಅದರ ಎದುರಿಟ್ಟು ಇಬ್ಬರು ಕೂಡಿ. ಒಬ್ಬರು ಅಲ್ಪವಿರಾಮ ಸಹಿತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು. ಮುಕ್ಕಾಲು ಗಂಟೆಗೊಮ್ಮೆ ಪಾಳಿ ಬದಲಿಸಿ, ಇಲ್ಲದಿದ್ದರೆ ಕಣ್ಣು ತಾನೇ ವಾಕ್ಯ ತುಂಬಿಕೊಳ್ಳುತ್ತದೆ. ಎರಡು ಡಿಜಿಟಲ್ ಪಠ್ಯಗಳನ್ನು ಹೋಲಿಸಲು ಲಿಬ್ರೆ ಆಫೀಸಿನ ಕಂಪೇರ್ ಸೌಲಭ್ಯ ಸಾಕು. ಸಿಕ್ಕ ವ್ಯತ್ಯಾಸಗಳನ್ನೆಲ್ಲ ಅಚ್ಚು ಹಾಕಬೇಡಿ, ಅರ್ಥ ಬದಲಾಗುವಂಥವು ಮಾತ್ರ ಸಾಕು. ಧಾರಾವಾಹಿಯಲ್ಲಿದ್ದು ಪುಸ್ತಕದಲ್ಲಿ ಬಿಟ್ಟುಹೋದ ಒಂದು ಭಾಗವಿದೆ, ಮನುಷ್ಯಕುಲದ ಕೊನೆಯ ಸಂತಾನ ಕಾಂಗರೂವಿನಂತೆ ಕುಪ್ಪಳಿಸುವ ಪ್ರಾಣಿಯಾಗಿರುವ ಪ್ರಸಂಗ. ಅದನ್ನು ಅನುಬಂಧದಲ್ಲಿ ಕೊಡಿ, ಕಥೆಯೊಳಗೆ ತುರುಕಬೇಡಿ.

ಬೇರೆ ಕಾದಂಬರಿ ಹಿಡಿದರೂ ಈ ಹೆಜ್ಜೆ ತಪ್ಪದು. ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಒಂದು, 1831ರಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಎಲಿಜಬೆತ್ ಕಥಾನಾಯಕ ವಿಕ್ಟರನ ಸೋದರತ್ತೆಯ ಮಗಳು, ಎರಡನೆಯದರಲ್ಲಿ ಸಾಕಲು ತಂದ ಅನಾಥೆ. ವಿಕ್ಟರನ ಗೆಳೆಯ ಕ್ಲರ್ವಲ್ ಭಾರತಕ್ಕೆ ಹೋಗಿ ಇಲ್ಲಿನ ಭಾಷೆಗಳ ಜ್ಞಾನದಿಂದ ಯುರೋಪಿನ ವಸಾಹತು ವ್ಯಾಪಾರಕ್ಕೆ ನೆರವಾಗಬೇಕೆಂದುಕೊಂಡದ್ದು 1831ರ ಪಾಠದಲ್ಲಿದೆ. 1818ರದ್ದನ್ನು ಇಟ್ಟುಕೊಂಡು ಈ ಮಾತಿಗೆ ಟಿಪ್ಪಣಿ ಬರೆದರೆ ಓದುಗ ಆ ವಾಕ್ಯವನ್ನು ಹುಡುಕುತ್ತಲೇ ಇರಬೇಕಾಗುತ್ತದೆ. ಜೂಲ್ಸ್ ವರ್ನ್‌ರದ್ದಾದರೆ ಇನ್ನೂ ಕಷ್ಟ. ಸಬ್‌ಮರೀನ್ ಕಾದಂಬರಿ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ಯ ಹಳೆಯ ಮರ್ಸಿಯರ್ ಇಂಗ್ಲಿಷ್ ಅನುವಾದ ಸುಮಾರು ಐದನೇ ಒಂದು ಭಾಗವನ್ನು ನುಂಗಿದೆ. ಅದರಲ್ಲಿ ಉಕ್ಕಿನ ಸಾಂದ್ರತೆ ನೀರಿನ 0.7ರಿಂದ 0.8 ಪಟ್ಟು! ಉಕ್ಕು ನೀರಿನ ಮೇಲೆ ತೇಲಬೇಕಾಗುತ್ತದೆ. ಫ್ರೆಂಚ್ ಮೂಲದಲ್ಲಿರುವುದು 7.8. ಆ ಅನುವಾದ ನಂಬಿ ‘ವರ್ನ್‌ರಿಗೆ ವಿಜ್ಞಾನ ಗೊತ್ತಿರಲಿಲ್ಲ’ ಎಂದು ಟಿಪ್ಪಣಿ ಬರೆದವರೇ ಪೇಚಿಗೆ ಬೀಳುವುದು.

ಯಾರಿಗೆ, ಯಾವುದಕ್ಕೆ

ಪುಟ ಸಂಖ್ಯೆ ನೆಚ್ಚಬೇಡಿ, ವಿನ್ಯಾಸ ಬದಲಾದಂತೆ ಅದೂ ಬದಲಾಗುತ್ತದೆ. ಪ್ರತಿ ಪ್ಯಾರಾಗೆ ಅಧ್ಯಾಯ ಹಾಗೂ ಕ್ರಮಸಂಖ್ಯೆ ಕೊಡಿ: 5.12 ಎಂದರೆ ಐದನೇ ಅಧ್ಯಾಯದ ಹನ್ನೆರಡನೇ ಪ್ಯಾರಾ. ಸ್ಪ್ರೆಡ್‌ಶೀಟಿನಲ್ಲಿ ಪ್ಯಾರಾ ಸಂಖ್ಯೆ, ಟಿಪ್ಪಣಿ ಬೇಕಾದ ಮಾತು, ಟಿಪ್ಪಣಿ, ಆಧಾರ, ಪರಿಶೀಲಿಸಿದವರು, ಹೀಗೆ ಐದು ಅಂಕಣ ಸಾಕು. ಆಧಾರದ ಅಂಕಣ ಖಾಲಿ ಇದ್ದರೆ ಆ ಟಿಪ್ಪಣಿ ಅಚ್ಚಿಗೆ ಹೋಗಕೂಡದು.

ಈಗ ಇಬ್ಬರು ಮೂವರು ಪಿಯುಸಿ ವಿಜ್ಞಾನದ ಮಕ್ಕಳಿಗೆ ಅನುವಾದದ ಎರಡು ಅಧ್ಯಾಯ ಕೊಟ್ಟು, ತಡವರಿಸಿದ ಕಡೆ ಪೆನ್ಸಿಲ್ ಗುರುತು ಹಾಕಲು ಹೇಳಿ. ಲಂಡನ್ ಓದುಗರಿಗೆ ಬರೆದ ಟಿಪ್ಪಣಿಗಳು ನಮಗೆ ಯಾಕೆ ಹೊಂದುವುದಿಲ್ಲ ಎಂಬುದು ಆಗ ಕಾಣುತ್ತದೆ. ಕಾಲಯಾತ್ರಿಗೆ ಹಸಿರು ಪಿಂಗಾಣಿಯ ಅರಮನೆಯಲ್ಲಿ ಕರ್ಪೂರ ಸಿಗುತ್ತದೆ, ಅದು ಹೊತ್ತಿ ಉರಿಯುತ್ತದೆ ಎಂದು ಅವನಿಗೆ ನೆನಪಾಗುತ್ತದೆ. ನಮ್ಮ ಮನೆಯ ಮಗುವಿಗೆ ಅದನ್ನು ವಿವರಿಸಬೇಕೆ? ಆದರೆ ಅದೇ ಅರಮನೆ ಏಳೆಂಟು ಮೈಲಿ ಅಂದುಕೊಂಡಿದ್ದು ಹದಿನೆಂಟರ ಹತ್ತಿರ ಇತ್ತು ಎಂಬಲ್ಲಿ ಟಿಪ್ಪಣಿ ಬೇಕು: 11-13 ಕಿ.ಮೀ. ಎಂದುಕೊಂಡದ್ದು 29 ಕಿ.ಮೀ. ಆಯಿತು. ಕಥೆಯೊಳಗೆ ಮೈಲಿ ಮೈಲಿಯಾಗಿಯೇ ಇರಲಿ.

ಎಲ್ಲ ಸೇರಿ 120ರಿಂದ 150 ಟಿಪ್ಪಣಿ ಮೀರಬಾರದು, ಒಂದೊಂದು 30-60 ಪದ. ನಾಲ್ಕೈದು ಮಾತ್ರ ಉದ್ದವಾಗಲಿ, ಅವು ಕಾದಂಬರಿಯ ವಿಜ್ಞಾನ ನಿಂತಿರುವ ಕಂಬಗಳು. ಮುಂದೆ ಬರುವ ತಿರುವನ್ನು ಟಿಪ್ಪಣಿಯಲ್ಲಿ ಬಿಟ್ಟುಕೊಡಬೇಡಿ. ನೆಲದಡಿ ಬದುಕುವ ಮಾರ್ಲಾಕರು ಏನು ತಿನ್ನುತ್ತಾರೆಂದು ಮೂರನೇ ಅಧ್ಯಾಯದ ಅಡಿಯಲ್ಲೇ ಹೇಳಿದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ.

ಒಂದು ಉದ್ದ ಟಿಪ್ಪಣಿ ಹೇಗಿರಬೇಕು? ಭವಿಷ್ಯದಲ್ಲಿ ಬಿಸಿಲು ಹೆಚ್ಚಿರುವುದಕ್ಕೆ ಕಾರಣ ಹುಡುಕುವಾಗ ಕಾಲಯಾತ್ರಿ ‘ಕಿರಿಯ ಡಾರ್ವಿನ್’ ಎನ್ನುತ್ತಾನೆ. ಅವಸರದವರು ಇಲ್ಲಿ ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಬಗ್ಗೆ ಅರ್ಧ ಪುಟ ಬರೆದುಬಿಡುತ್ತಾರೆ. ಸರಿಯಾದದ್ದು ಹೀಗಿರುತ್ತದೆ:

“ಕಿರಿಯ ಡಾರ್ವಿನ್: ಜಾರ್ಜ್ ಡಾರ್ವಿನ್ (1845–1912), ಚಾರ್ಲ್ಸ್ ಡಾರ್ವಿನ್ನರ ಮಗ. ಉಬ್ಬರವಿಳಿತದ ಘರ್ಷಣೆಯಿಂದ ಆಕಾಶಕಾಯಗಳ ಚಲನೆ ಹೇಗೆ ಬದಲಾಗುತ್ತದೆ ಎಂಬುದನ್ನು ಗಣಿತದಿಂದ ವಿವರಿಸಿದವರು. ಗ್ರಹಗಳು ಕೊನೆಗೆ ಒಂದೊಂದಾಗಿ ಸೂರ್ಯನಿಗೆ ಬಿದ್ದು ಅದನ್ನು ಮತ್ತೆ ಉರಿಸುತ್ತವೆ ಎಂಬ ಕಲ್ಪನೆಯನ್ನು ಕಾದಂಬರಿ ಈ ಚಿಂತನೆಗೆ ಜೋಡಿಸುತ್ತದೆ.”

ಇದಕ್ಕೆ ಜೋಡಿಯಾಗಿ ಕೊನೆಯ ಕಡಲತೀರದ ದೃಶ್ಯಕ್ಕೆ ಇನ್ನೊಂದು. ಅಲ್ಲಿ ಮೂರು ಕೋಟಿ ವರ್ಷಗಳಾಚೆ ಸೂರ್ಯ ಕೆಂಪಗೆ ಊದಿಕೊಂಡು ಆರುತ್ತಿದ್ದಾನೆ. 1895ರಲ್ಲಿ ಇದು ಉಡಾಫೆಯ ಮಾತಲ್ಲ. ಸೂರ್ಯ ಕುಗ್ಗುತ್ತಾ ಶಾಖ ಬಿಡುತ್ತಾನೆಂಬ ಭೌತವಿಜ್ಞಾನಿ ಕೆಲ್ವಿನ್‌ರ ಲೆಕ್ಕದಲ್ಲಿ ಅವನ ಆಯಸ್ಸು ಕೆಲವೇ ಕೋಟಿ ವರ್ಷ. ವಿಕಿರಣಶೀಲತೆ ಪತ್ತೆಯಾದದ್ದು ಮರುವರ್ಷ, 1896ರಲ್ಲಿ. ಸೂರ್ಯ ಉರಿಯುವುದು ಬೈಜಿಕ ಸಮ್ಮಿಲನದಿಂದ ಎಂದು ತಿಳಿದದ್ದು ಇನ್ನೂ ದಶಕಗಳ ಮೇಲೆ. ಈಗಿನ ಅಂದಾಜಿನಂತೆ ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ, ಮುಂದೆ ಇನ್ನೂ ಸುಮಾರು 500 ಕೋಟಿ ವರ್ಷ ಉರಿಯಬೇಕು. ವಿಜ್ಞಾನದ ಪ್ರತಿ ಟಿಪ್ಪಣಿಯಲ್ಲೂ ‘ಆಗ’ ಮತ್ತು ‘ಈಗ’ ಎರಡೂ ಇರಲಿ, ಆಗಿನದು ಮೊದಲು. ಬರೀ ‘ಈಗ’ ಬರೆದರೆ ಲೇಖಕರ ತಪ್ಪು ಹಿಡಿದಂತೆ ಆಗುತ್ತದೆ, ಅವರು ಎಷ್ಟು ಹೊಸ ಸಂಗತಿ ಬಳಸಿದ್ದರು ಎಂಬುದು ಮರೆಯಾಗುತ್ತದೆ. ಮೊದಲ ಅಧ್ಯಾಯದಲ್ಲಿ ನಾಲ್ಕನೇ ಆಯಾಮದ ಬಗ್ಗೆ ಬರುವ ಸೈಮನ್ ನ್ಯೂಕಂಬ್ ನಿಜವಾದ ಖಗೋಳಶಾಸ್ತ್ರಜ್ಞ. ನ್ಯೂಯಾರ್ಕಿನ ಗಣಿತ ಸಂಘದೆದುರು ಆ ಭಾಷಣ 1893ರ ಡಿಸೆಂಬರಿನಲ್ಲಿ ನಿಜವಾಗಿಯೂ ನಡೆದಿತ್ತು.

ಮಿಲಿಯನ್ನಿನ ಲೆಕ್ಕವನ್ನು ಭೌತಶಾಸ್ತ್ರದವರೇ ನೋಡಲಿ. 30 ಮಿಲಿಯನ್ ಎಂದರೆ 3 ಕೋಟಿ, 30 ಕೋಟಿಯಲ್ಲ. ಕಾಲಯಾತ್ರಿ ತಲುಪುವ ಇಸವಿಯ ಅಲ್ಪವಿರಾಮವೂ ನಮ್ಮ ಪದ್ಧತಿಯಂತೆ 8,02,701 ಎಂದಾಗಬೇಕು.

ಲೆಕ್ಕ ಮಾಡಿ ತೋರಿಸುವ ಟಿಪ್ಪಣಿಗೆ ವರ್ನ್‌ರ ಚಂದ್ರಯಾನದ ಕಾದಂಬರಿ (1865) ಒಳ್ಳೆಯ ಅಭ್ಯಾಸ. ಅಲ್ಲಿನ ತೋಪು 900 ಅಡಿ, ಗುಂಡಿನ ವೇಗ ಸೆಕೆಂಡಿಗೆ 12,000 ಗಜ. ವೇಗದ ವರ್ಗವನ್ನು ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಒಳಗೆ ಕೂತವರ ಮೇಲೆ ಗುರುತ್ವದ 22,000 ಪಟ್ಟಿಗೂ ಹೆಚ್ಚು ಒತ್ತಡ. ಯಾರೂ ಬದುಕುವುದಿಲ್ಲ. ತೋಪಿನ ಗಾತ್ರ ಕಣ್ಣಿಗೆ ಕಟ್ಟಬೇಕೆಂದರೆ ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಸಾಕು. ಅದು ಸುಮಾರು 14 ಅಡಿ, ಅಂಥವನ್ನು 64 ಸಾಲಾಗಿ ಇಡಬೇಕು. ಇಂಥ ಊರಿನ ಹೋಲಿಕೆ ಪುಸ್ತಕಕ್ಕೆ ಒಂದೆರಡು ಇದ್ದರೆ ಚೆಂದ, ಹೆಚ್ಚಾದರೆ ಪ್ರವಾಸಿ ಕೈಪಿಡಿ ಆಗುತ್ತದೆ. ನಮ್ಮ ನಾಡಿಗೆ ನೇರ ತಾಗುವ ಎಳೆ ಇದ್ದರೆ ಮಾತ್ರ ಬಿಡಬೇಡಿ. ‘ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ವರ್ನ್‌ರ ಸಬ್‌ಮರೀನ್ ನಾಯಕ ನೆಮೊ ಬುಂದೇಲಖಂಡದ ರಾಜಕುಮಾರ, ಟಿಪ್ಪುವಿನ ಸೋದರಳಿಯ. ನೆಂಟಸ್ತಿಕೆ ಲೇಖಕರ ಕಲ್ಪನೆ. ಆದರೆ ನೆಮೊ ಬ್ರಿಟಿಷರ ವಿರುದ್ಧ ಆಡುವ ಮಾತಿನ ಕಾವನ್ನು 1875ರ ಇಂಗ್ಲಿಷ್ ಅನುವಾದ ಆರಿಸಿಬಿಟ್ಟಿದೆ ಎಂಬುದನ್ನು ಹೇಳಲೇಬೇಕು.

‘ಟೈಮ್ ಮಷಿನ್’ನಲ್ಲಿ ಮಧ್ಯ ಆಫ್ರಿಕಾದವರ ಬಗ್ಗೆ ಇಂದು ಒಪ್ಪಲಾಗದ ಶಬ್ದವೊಂದಿದೆ. ಅಳಿಸಬೇಡಿ, ಮೆದು ಮಾಡಬೇಡಿ. ಎರಡು ಸಾಲಿನ ಟಿಪ್ಪಣಿ ಸಾಕು, ಉಪದೇಶ ಬೇಡ.

ಅಚ್ಚಿನ ಕೆಲಸ

ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟಲು ಇಂದಿಗೂ ಹಳೆಯ ಪೇಜ್‌ಮೇಕರ್. ಅದರಲ್ಲಿ ಅಡಿಟಿಪ್ಪಣಿಯ ಸೌಲಭ್ಯವೇ ಇಲ್ಲ. ಪ್ರತಿ ಪುಟದ ಅಡಿಗೆ ಕೈಯಿಂದ ಪೆಟ್ಟಿಗೆ ಇಡಬೇಕು. ಮೂರನೇ ಪುಟದಲ್ಲಿ ಒಂದು ಸಾಲು ಹೆಚ್ಚಾದರೆ ಮುಂದಿನ ನೂರು ಪುಟದ ಟಿಪ್ಪಣಿಗಳೂ ಜಾಗ ತಪ್ಪುತ್ತವೆ. ಇನ್‌ಡಿಸೈನ್ ಬಲ್ಲವರನ್ನು ಹಿಡಿಯಿರಿ. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಲಿಬ್ರೆ ಆಫೀಸಿನಲ್ಲೂ ಮಾಡಬಹುದು, ತಾಳ್ಮೆ ಬೇಕು. ಪಠ್ಯ ಮೊದಲಿನಿಂದಲೂ ಯೂನಿಕೋಡಿನಲ್ಲೇ ಇರಲಿ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಪರಿವರ್ತಿಸಿದ್ದರೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಿ, ಮುರಿಯುವುದು ಅಲ್ಲೇ.

ಡೆಮಿ 1/8 ಆಕಾರಕ್ಕೆ ಕಥೆ 11 ಪಾಯಿಂಟ್, ಸಾಲಿನ ಅಂತರ 16. ಟಿಪ್ಪಣಿ 9 ಪಾಯಿಂಟ್, ಅಂತರ 13. ಇದಕ್ಕಿಂತ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಸಾಲಿನ ಟಿಪ್ಪಣಿ ಅಂಕಿಗೆ ತಾಗುತ್ತದೆ. ಇಸವಿಯ ಬೆನ್ನಿಗೇ ಅಂಕಿ ಹಾಕಬೇಡಿ. 1895ರ ಪಕ್ಕದ ಪುಟ್ಟ 3 ಅಚ್ಚಿನಲ್ಲಿ 18953 ಎಂದೇ ಓದಿಸಿಕೊಳ್ಳುತ್ತದೆ, ವಾಕ್ಯದ ಕೊನೆಗೆ ಸರಿಸಿ. ಪುಟದ ಮೂರನೇ ಒಂದು ಭಾಗಕ್ಕಿಂತ ಉದ್ದವಾಗುವ ಟಿಪ್ಪಣಿಯನ್ನು ಪುಸ್ತಕದ ಕೊನೆಗೆ ಕಳುಹಿಸಿ, ಅಡಿಯಲ್ಲಿ ಅದರ ಸೂಚನೆಯ ಒಂದು ಸಾಲು ಉಳಿಸಿ. ಒಟ್ಟು ಪುಟ 16ರ ಗುಣಕಕ್ಕೆ ಹೊಂದಿಸಿದರೆ ಫಾರ್ಮು ವ್ಯರ್ಥವಾಗುವುದಿಲ್ಲ. 144 ಪುಟ ಎಂದರೆ 9 ಫಾರ್ಮು. ಐಎಸ್‌ಬಿಎನ್ ಉಚಿತ, ಇ-ಪುಸ್ತಕಕ್ಕೆ ಬೇರೆಯದೇ ಬೇಕು.

ಕೊನೆಯ ಪ್ರೂಫಿನಲ್ಲಿ ಕಥೆಯನ್ನು ಓದುವ ಮುಂಚೆ ಅಂಕಿಗಳನ್ನಷ್ಟೇ ನೋಡುವ ಸುತ್ತು ಇರಲಿ: ಮೇಲಿನ 47 ಕೆಳಗಿನ 47ಕ್ಕೇ ಸೇರುತ್ತಿದೆಯೇ, ‘ಟಿಪ್ಪಣಿ 52 ನೋಡಿ’ ಎಂದ ಕಡೆ 52 ಆ ವಿಷಯದ್ದೇ ಆಗಿದೆಯೇ. ನಡುವೆ ಒಂದು ಟಿಪ್ಪಣಿ ತೆಗೆದಿದ್ದರೆ ಕಥೆಯ ಅಂಕಿಗಳು ತಾವಾಗಿಯೇ ಸರಿಯುತ್ತವೆ, ಕೈಯಿಂದ ಟೈಪು ಮಾಡಿದ ‘ನೋಡಿ’ಗಳು ಹಳೆಯ ಅಂಕಿಯಲ್ಲೇ ಉಳಿದಿರುತ್ತವೆ. ಅವುಗಳ ಪಟ್ಟಿ ಮಾಡಿ ಒಂದೊಂದನ್ನೂ ಟಿಕ್ ಹಾಕಿದ ಮೇಲೆಯೇ ಪ್ರೆಸ್ಸಿಗೆ ಕಡತ ಕೊಡಿ.