ಆಕರ ಉಲ್ಲೇಖದ ಕೆಲಸ ಶುರುವಾಗುವುದು ಟಿಪ್ಪಣಿ ಪುಸ್ತಕದಲ್ಲಿ

ಪ್ರಬಂಧದ ಆಕರಗಳ ಪಟ್ಟಿಯನ್ನು ಕೊನೆಯ ರಾತ್ರಿಗೆ ಇಟ್ಟುಕೊಂಡರೆ ಪುಟಸಂಖ್ಯೆ ಹುಡುಕುವುದರಲ್ಲೇ ಬೆಳಗಾಗುತ್ತದೆ. ಓದುವಾಗಲೇ ಲೇಖಕರು, ವರ್ಷ, ಶೀರ್ಷಿಕೆ, ಪ್ರಕಾಶಕರು ಅಥವಾ ಪತ್ರಿಕೆ, ಪುಟ, ಡಿಒಐ (ಲೇಖನದ ಶಾಶ್ವತ ಡಿಜಿಟಲ್ ಗುರುತು ಸಂಖ್ಯೆ) ಬರೆದಿಡಿ. ಮೂಲದ ವಾಕ್ಯವನ್ನು ಇದ್ದ ಹಾಗೇ ಇಳಿಸಿಕೊಂಡರೆ ಟಿಪ್ಪಣಿಯಲ್ಲೇ ಉದ್ಧರಣ ಚಿಹ್ನೆ ಹಾಕಿ. ಇಲ್ಲದಿದ್ದರೆ ಕೆಲವು ವಾರಗಳ ಮೇಲೆ ಅದು ನಿಮ್ಮದೇ ಮಾತಿನಂತೆ ಕಾಣುತ್ತದೆ; ಗೊತ್ತಿಲ್ಲದೆ ಆಗುವ ಕೃತಿಚೌರ್ಯ ಹೀಗೇ. ಪದ ಬದಲಿಸಿದರೂ ವಿಚಾರ ಇನ್ನೊಬ್ಬರದಾದರೆ ಉಲ್ಲೇಖ ಬೇಕೇ ಬೇಕು.

ಉಲ್ಲೇಖದ ಶೈಲಿ ಯಾವುದೆಂದು ಮೊದಲೇ ಮಾರ್ಗದರ್ಶಕರನ್ನು ಕೇಳಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ 7ನೇ ಆವೃತ್ತಿಯಲ್ಲಿ ಆವರಣದೊಳಗೆ ಲೇಖಕರ ಕೊನೆಯ ಹೆಸರು, ವರ್ಷ. ನೇರ ಉದ್ಧರಣೆಗೆ ಪುಟವೂ. ಲೇಖಕರು ಮೂವರು ಅಥವಾ ಹೆಚ್ಚಿದ್ದರೆ ಮೊದಲನೆಯವರ ಹೆಸರಿನ ನಂತರ ‘ಮತ್ತಿತರರು’. ಉದ್ಧರಣೆ 40 ಪದ ಮುಟ್ಟಿದರೆ ಚಿಹ್ನೆ ಬೇಡ, ಅರ್ಧ ಇಂಚು ಒಳಸರಿಸಿ ಪ್ರತ್ಯೇಕ ಖಂಡವಾಗಿ ಕೊಡಿ. ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ಆವರಣದೊಳಗೆ ಲೇಖಕ ಮತ್ತು ಪುಟ ಸಾಕು.

ಆಕರಗಳನ್ನು ನಿರ್ವಹಿಸುವ ತಂತ್ರಾಂಶವಾದ ಜೊಟೆರೊ ಪಟ್ಟಿಯನ್ನು ತಾನೇ ಜೋಡಿಸುತ್ತದೆ, ಆದರೆ ಜಾಲತಾಣದಿಂದ ಎಳೆದ ವಿವರದಲ್ಲಿ ಲೇಖಕರೇ ನಾಪತ್ತೆಯಾಗಿರಬಹುದು, ನೋಡಿಕೊಳ್ಳಿ. ಚಾಟ್‌ಬಾಟ್ ಕೊಟ್ಟ ಆಕರವನ್ನಂತೂ ತೆರೆದು ಓದದೆ ಸೇರಿಸಬೇಡಿ. ಇಲ್ಲದ ಲೇಖನವನ್ನೂ ಅದು ಸೃಷ್ಟಿಸುತ್ತದೆ. ಕೊನೆಗೆ ಬರಹದೊಳಗೆ ಉಲ್ಲೇಖಿಸಿದ ಪ್ರತಿ ಹೆಸರೂ ಪಟ್ಟಿಯಲ್ಲಿದೆಯೇ, ಪಟ್ಟಿಯ ಪ್ರತಿ ಹೆಸರೂ ಬರಹದೊಳಗಿದೆಯೇ ಎಂದು ತಾಳೆ ನೋಡಿ.