ಸೌದೆ ಪೇರಿಸುವಾಗಲೇ ಎಪಿಸೋಡೂ ತುಂಬಿಸಿಡಿ: ಕೊಡಗಿನ ಮಳೆಗಾಲಕ್ಕೆ ಫೋನು, ವೈಫೈ, ಪಾಡ್‌ಕಾಸ್ಟ್ ತಯಾರಿ

ಮೇ ಕೊನೆ ವಾರ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಅಪ್ಪ ಕೊಟ್ಟಿಗೆಯಲ್ಲಿ ಒಣ ಸೌದೆ ಪೇರಿಸುತ್ತಾರೆ. ನಾನು ಪವರ್ ಬ್ಯಾಂಕ್, ಟಾರ್ಚು, ರೂಟರ್ ಬ್ಯಾಟರಿ, ಹಳೆ ಫೋನು ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇನೆ. ನಮ್ಮದು ಚೇರಂಬಾಣೆ ಕಡೆ ಒಂದು ಸಣ್ಣ ಕಾಫಿ ತೋಟ. ಜೂನ್ ಹಿಡಿದ ಮೇಲೆ ಒಂದು ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಸಾಕು, ಎರಡು ಮೂರು ದಿನ ಕರೆಂಟಿನ ಮಾತಿಲ್ಲ. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ನಮ್ಮ ತಯಾರಿ ನಾವು ಮಾಡಿಕೊಳ್ಳಬೇಕು.

ನನಗೆ ಹೊಸ ಸಾಮಾನು, ಹೊಸ ಆ್ಯಪ್ ಅಂದರೆ ಮೊದಲಿಂದಲೂ ಇಷ್ಟ. ಆದರೆ ಯಾವುದನ್ನು ನೋಡಿದರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಜುಲೈ ತಿಂಗಳಲ್ಲಿ, ಕರೆಂಟೂ ಟವರೂ ಇಲ್ಲದ ಮೂರನೇ ದಿನ, ಇದರಿಂದ ನನಗೆ ಏನು ಉಪಯೋಗ? ಬೆಂಗಳೂರಲ್ಲಿ ಕೂತು ರಿವ್ಯೂ ಮಾಡುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಹಾಗಾಗಿ ನಾನು ಮಾಡುವ ತಯಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪವರ್ ಬ್ಯಾಂಕ್. ಡಬ್ಬಿಯ ಮೇಲೆ 20,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಒಳಗಿನ ಸೆಲ್ಲಿನ ಲೆಕ್ಕ, 3.7 ವೋಲ್ಟಿನಲ್ಲಿ. ಫೋನಿಗೆ ಹೋಗುವುದು 5 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ. ವೋಲ್ಟ್ ಏರಿಸುವಾಗ ಒಂದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಪವರ್ ಬ್ಯಾಂಕಿನ ಬೆನ್ನಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಅಂತ ಇರುತ್ತದೆ ನೋಡಿ, ಹೆಚ್ಚಾಗಿ 12,000ದ ಆಸುಪಾಸು. ಕೊಳ್ಳುವಾಗ ಆ ನಂಬರ್ ಓದಿ. 5,000 ಎಂಎಎಚ್ ಫೋನಿಗೆ ಎರಡೂವರೆ, ಮೂರು ಸಲ ಚಾರ್ಜ್ ಸಿಕ್ಕಿದರೆ ಅದು ಒಳ್ಳೆ ಪವರ್ ಬ್ಯಾಂಕ್. ಮಡಚುವ ಸೋಲಾರ್ ಚಾರ್ಜರ್ ನಮ್ಮ ಕಡೆಯವರಿಗೆ ಬೇಡ. ನಾನು ತಂದು ಒಂದು ಮಳೆಗಾಲ ಪೂರ್ತಿ ನೋಡಿದ್ದೇನೆ. ಮೋಡ, ಮಂಜು, ಅದರ ಮೇಲೆ ತೋಟದ ನೆರಳು. ದಿನವಿಡೀ ಅಂಗಳದಲ್ಲಿಟ್ಟರೂ ಫೋನು ಒಂದು ಗೆರೆ ಏರಲಿಲ್ಲ.

ಇನ್ನು ವೈಫೈ. ಮನೆಗೆ ಫೈಬರ್ ಬಂದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಫೈಬರ್ ಅಂದರೆ ಗಾಜಿನ ಎಳೆ. ಅದರೊಳಗೆ ಹೋಗುವುದು ಬೆಳಕು. ಎಕ್ಸ್‌ಚೇಂಜಿನಿಂದ ನಿಮ್ಮ ಮನೆವರೆಗೆ ನಡುವೆ ಹೆಚ್ಚಾಗಿ ಎಲ್ಲೂ ಕರೆಂಟು ಬೇಕಾಗುವುದಿಲ್ಲ. ಆ ತುದಿಯಲ್ಲಿ ಅವರ ಬ್ಯಾಟರಿ, ಈ ತುದಿಯಲ್ಲಿ ನಿಮ್ಮ ಬ್ಯಾಟರಿ ಇದ್ದರೆ ಊರೆಲ್ಲ ಕತ್ತಲಾಗಿದ್ದರೂ ಇಂಟರ್ನೆಟ್ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ‘ಕರೆಂಟಿಲ್ಲ, ನೆಟ್ಟೂ ಇಲ್ಲ’ ಅಂತ ಸುಮ್ನೆ ಕೂತಿರುತ್ತಾರೆ.

ಅದಕ್ಕೆ ಬೇಕಾಗಿರುವುದು ಕರೆಂಟು ಹೋದಾಗ ರೂಟರನ್ನು ನಡೆಸುವ ಮಿನಿ ಯುಪಿಎಸ್. ಅಂಗೈ ಅಗಲದ ಡಬ್ಬಿ, ಒಳಗೆ ಲಿಥಿಯಂ ಸೆಲ್. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ತಿರುಗಿಸಿ ಔಟ್‌ಪುಟ್ ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9. ವೋಲ್ಟ್ ತಪ್ಪಿದರೆ ರೂಟರ್ ಸುಡಬಹುದು. ಆಂಪ್ ಅಡಾಪ್ಟರಿನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕ ಸುಲಭ. ತಲಾ 2,000 ಎಂಎಎಚ್‌ನ ಮೂರು ಸೆಲ್ ಇದ್ದರೆ 3 ಸೆಲ್, ತಲಾ 2 ಆಂಪ್ ಅವರ್, 3.7 ವೋಲ್ಟ್, ಮೂರನ್ನೂ ಗುಣಿಸಿದರೆ ಸುಮಾರು 22 ವಾಟ್ ಅವರ್. ರೂಟರ್ 7 ವಾಟ್ ತಿಂದರೆ, ನಷ್ಟ ಕಳೆದು ಎರಡೂವರೆ ಗಂಟೆ. ನಾನು ಅದನ್ನು ಒಂದೇ ಸಲಕ್ಕೆ ಖರ್ಚು ಮಾಡುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮೆಸೇಜು, ಮೇಲ್, ಹವಾಮಾನ ನೋಡಿ ಆಫ್ ಮಾಡುತ್ತೇನೆ. ಹೀಗೆ ಎರಡು ದಿನ ದಾಟುತ್ತದೆ. ‘ಮನೇಲಿ ಇನ್ವರ್ಟರ್ ಇದೆಯಲ್ಲ’ ಅನ್ನಬಹುದು. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತನ್ನ ಪಾಲಿನ ಬ್ಯಾಟರಿ ತಿನ್ನುತ್ತದೆ. ಅದನ್ನು ರಾತ್ರಿಯ ಲೈಟಿಗೆ ಉಳಿಸಿಕೊಳ್ಳಿ.

ರೂಟರಿನ ಮೇಲೆ ಎಲ್‌ಒಎಸ್ ಅನ್ನುವ ದೀಪ ಕೆಂಪಾಗಿದ್ದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ಮರ ಬಿದ್ದು ಎಳೆ ತುಂಡಾಗಿರುತ್ತದೆ. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಅದು ಸರಿಯಾಗುವುದಿಲ್ಲ. ಕಂಪ್ಲೇಂಟ್ ಕೊಡುವಾಗ ‘ಕೆಂಪು ದೀಪ ಉರಿಯುತ್ತಿದೆ’ ಅಂತ ಮೊದಲೇ ಹೇಳಿ, ಅರ್ಧ ಮಾತು ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಮಾತ್ರ ಬೇರೆ ನಿಯಮ. ಆಗ ಅಡಾಪ್ಟರನ್ನು ಗೋಡೆಯಿಂದ ಕಿತ್ತು ಇಡಿ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ, ಆದರೆ ಮನೆ ವೈರಿಂಗಿನಲ್ಲಿ ಬರುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ ದಾಮಿನಿ ಆ್ಯಪ್ ಹತ್ತಿರದ ಸಿಡಿಲು ತೋರಿಸುತ್ತದೆ. ತೋಟದಲ್ಲಿ ಕೆಲಸ ಮಾಡುವವರ ಫೋನಲ್ಲಿ ಅದು ಇರಲೇಬೇಕು ಅಂತ ನನ್ನ ಅಭಿಪ್ರಾಯ.

ಒಟಿಪಿ ವಿಷಯ ನಮ್ಮ ಕಡೆಯ ನಿಜವಾದ ತಲೆನೋವು. ವೈಫೈ ಇರುತ್ತದೆ, ಟವರ್ ಇರುವುದಿಲ್ಲ. ದುಡ್ಡು ಕಳಿಸೋಣ ಅಂದರೆ ಒಟಿಪಿಗೆ ಗುಡ್ಡ ಹತ್ತಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ನಿಮ್ಮ ಸಿಮ್ಮಿಗೆ ಆ ಸೌಲಭ್ಯ ಇದ್ದರೆ ಕರೆ ವೈಫೈ ಮೂಲಕವೇ ಬರುತ್ತದೆ, ಹೆಚ್ಚಾಗಿ ಎಸ್ಸೆಮ್ಮೆಸ್ಸೂ ಬರುತ್ತದೆ. ಮೇಲ್ ಮತ್ತು ಬೇರೆ ಅಕೌಂಟುಗಳಿಗೆ, ಎಸ್ಸೆಮ್ಮೆಸ್ ಬದಲು ಫೋನಿನಲ್ಲೇ ಲಾಗಿನ್ ನಂಬರ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಅದಕ್ಕೆ ನೆಟ್‌ವರ್ಕೇ ಬೇಡ. ಮೊದಲ ದಿನ ಕೊಟ್ಟ ಗುಟ್ಟಿನ ಕೀಲಿ ಮತ್ತು ಫೋನಿನ ಗಡಿಯಾರ ಸೇರಿಸಿ ಪ್ರತಿ 30 ಸೆಕೆಂಡಿಗೆ ಹೊಸ ನಂಬರ್ ತಾನೇ ಲೆಕ್ಕ ಹಾಕುತ್ತದೆ. ಗಡಿಯಾರ ಸರಿ ಇರಬೇಕು, ಅಷ್ಟೇ. ಫೋನು ಕೈಕೊಟ್ಟಾಗ ಲಾಗಿನ್ ಆಗಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ. ನಾನು ಅದನ್ನು ಕಾಗದದಲ್ಲಿ ಬರೆದು ಪಹಣಿ ಇರುವ ಫೈಲಿನಲ್ಲೇ ಇಟ್ಟಿದ್ದೇನೆ. ಮನೆಯಲ್ಲಿ ಆ ಫೈಲು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಈಗ ನನಗೆ ತುಂಬಾ ಇಷ್ಟದ ವಿಷಯ, ಪಾಡ್‌ಕಾಸ್ಟ್. ಅಂದರೆ ಕಂತು ಕಂತಾಗಿ ಬರುವ, ಫೋನಿಗೆ ಇಳಿಸಿಕೊಂಡು ಕೇಳಬಹುದಾದ ಮಾತಿನ ಕಾರ್ಯಕ್ರಮ.

ಆಟಿ ಅನ್ನಿ, ಕಕ್ಕಡ ಅನ್ನಿ, ಜುಲೈ-ಆಗಸ್ಟಿನ ಆ ಒಂದು ತಿಂಗಳು ಹೊರಗೆ ಕಾಲಿಡಲು ಆಗುವುದಿಲ್ಲ. ಆಗ ಕಿವಿಗೆ ಒಂದು ಮಾತು ಬೇಕು. ವಿಡಿಯೋ ಬ್ಯಾಟರಿ ತಿನ್ನುತ್ತದೆ, ಡೇಟಾ ತಿನ್ನುತ್ತದೆ. ಆಡಿಯೋ ಹಾಗಲ್ಲ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಒಂದು ಗಂಟೆ ಮಾತು ಸುಮಾರು 58 ಎಂಬಿ. 64 ಕೆಬಿಪಿಎಸ್ ಆದರೆ 29 ಎಂಬಿ. ಮೂವತ್ತು ಗಂಟೆಯ ಮಾತು ಎರಡು ಜಿಬಿ ಒಳಗೇ ಮುಗಿಯುತ್ತದೆ. ಪರದೆ ಆಫ್ ಇಟ್ಟು ಕೇಳಿದರೆ ಫೋನಿನ ಚಾರ್ಜು ಇಳಿಯುವುದು ಗೊತ್ತೇ ಆಗುವುದಿಲ್ಲ.

ಆಂಡ್ರಾಯ್ಡ್ ಫೋನಿಗೆ ನಾನು ಹೇಳುವುದು ಆಂಟೆನಾಪಾಡ್ ಅನ್ನುವ ಪಾಡ್‌ಕಾಸ್ಟ್ ಆ್ಯಪ್. ದುಡ್ಡು ಕೇಳುವುದಿಲ್ಲ, ಜಾಹೀರಾತು ಹಾಕುವುದಿಲ್ಲ, ಲಾಗಿನ್ ಬೇಡ. ಪಾಡ್‌ಕಾಸ್ಟಿಗೆ ಆರ್‌ಎಸ್‌ಎಸ್ ಅಂತ ಒಂದು ವಿಳಾಸ ಇರುತ್ತದೆ. ಹೊಸ ಕಂತು ಬಂದಿದೆಯಾ ಅಂತ ಆ್ಯಪ್ ನೇರವಾಗಿ ಆ ವಿಳಾಸಕ್ಕೆ ಹೋಗಿ ನೋಡಿ, ಆಡಿಯೋ ಫೈಲನ್ನು ನಿಮ್ಮ ಫೋನಿಗೆ ತಂದು ಹಾಕುತ್ತದೆ. ಸೆಟ್ಟಿಂಗ್ಸ್‌ನ ಡೌನ್‌ಲೋಡ್ ವಿಭಾಗದಲ್ಲಿ ತಾನಾಗಿ ಡೌನ್‌ಲೋಡ್ ಆಗುವಂತೆ ಮಾಡಿ, ವೈಫೈ ಇದ್ದಾಗ ಮಾತ್ರ ಅಂತ ಇಡಿ, ಎಷ್ಟು ಕಂತು ಇಟ್ಟುಕೊಳ್ಳಬೇಕು ಅನ್ನುವ ಮಿತಿ ಜಾಸ್ತಿ ಮಾಡಿ. ಸಂಜೆಯ ಅರ್ಧ ಗಂಟೆ ವೈಫೈ ಹಾಕಿದಾಗ ಮಾರನೇ ದಿನದ ಬುತ್ತಿ ಬಂದು ಕೂತಿರುತ್ತದೆ. ಯೂಟ್ಯೂಬಿನಲ್ಲಿ ಮಾತ್ರ ಇರುವ ಕಾರ್ಯಕ್ರಮಗಳಿಗೆ ಈ ಅನುಕೂಲ ಸಿಗುವುದಿಲ್ಲ. ಕನ್ನಡದಲ್ಲಿ ಹೊಸದಾಗಿ ಶುರು ಮಾಡುವವರಿಗೆ ನನ್ನ ಮನವಿ ಇಷ್ಟೇ: ದಯವಿಟ್ಟು ಆರ್‌ಎಸ್‌ಎಸ್ ಕೊಡಿ. ನಮ್ಮಂಥ ಊರಲ್ಲೂ ಕೇಳುವವರಿದ್ದಾರೆ.

ತಿಂಗಳಿಗೊಮ್ಮೆ ಒಪಿಎಂಎಲ್ ಫೈಲ್ ಎಕ್ಸ್‌ಪೋರ್ಟ್ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಿ. ನೀವು ಕೇಳುವ ಎಲ್ಲ ಕಾರ್ಯಕ್ರಮಗಳ ವಿಳಾಸದ ಪಟ್ಟಿ ಅದು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿತು. ಆಗ ನನ್ನ ಪಟ್ಟಿ ಪೂರ್ತಿ ಈ ಒಂದು ಫೈಲಿನಿಂದ ಐದು ನಿಮಿಷದಲ್ಲಿ ಹೊಸ ಆ್ಯಪಿಗೆ ಬಂತು.

ಏನು ಕೇಳಬೇಕು? ಕನ್ನಡದಲ್ಲಿ ‘ತಲೆ-ಹರಟೆ’ ಪಾಡ್‌ಕಾಸ್ಟಿನ ಹಳೆ ಕಂತುಗಳಿಂದ ಶುರು ಮಾಡಿ. ಇಂಗ್ಲಿಷ್ ಕೇಳುವವರಿಗೆ, ಕಂಪ್ಯೂಟರ್ ಕಳ್ಳತನದ ಕಥೆ ಹೇಳುವ ಡಾರ್ಕ್‌ನೆಟ್ ಡೈರೀಸ್. 2017ರಿಂದ ಬರುತ್ತಿದೆ, ಒಂದು ಸಲ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಮೆಲ್ಲಗೆ ಮಾತಾಡುವ, ಹಿಂದೆ ಸಂಗೀತ ಜಾಸ್ತಿ ಇರುವ ಕಾರ್ಯಕ್ರಮಗಳನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಅವು ಕೇಳಿಸುವುದೇ ಇಲ್ಲ. ಆಂಟೆನಾಪಾಡಿನಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಬೇರೆ ಧ್ವನಿ ಮಟ್ಟ ಇಡಬಹುದು, ಅದನ್ನು ಬಳಸಿ.

ಇದೆಲ್ಲದರ ಜೊತೆಗೆ ಸೆಲ್ ಹಾಕುವ ಒಂದು ಸಣ್ಣ ರೇಡಿಯೋ ಇರಲಿ. ಮಡಿಕೇರಿ ಆಕಾಶವಾಣಿ 103.1ರಲ್ಲಿ ಸಿಗುತ್ತದೆ. ಇಂಟರ್ನೆಟ್ ಬೇಡ, ಟವರ್ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಸಂಪಾಜೆ ರಸ್ತೆ ಕಡಿದುಹೋದಾಗ ನಮ್ಮ ಮನೆಯ ಫೋನುಗಳೆಲ್ಲ ಸತ್ತಿದ್ದವು. ಅವತ್ತಿನಿಂದ ಈ ರೇಡಿಯೋ ಅಪ್ಪನ ಮಂಚದ ಪಕ್ಕ ಬಿಟ್ಟು ಕದಲಿಲ್ಲ.

ತೋಟದಲ್ಲಿ ಕೇಳುವವರಿಗೆ ಒಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ಹೊರಗಿನ ಸದ್ದು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಅಂತೂ ತೋಟದಲ್ಲಿ ಬೇಡವೇ ಬೇಡ. ಎರಡು ವರ್ಷದ ಹಿಂದೆ ನವೆಂಬರಿನಲ್ಲಿ, ಸಂಜೆ ಐದೂವರೆ ಇರಬಹುದು, ರೋಬಸ್ಟಾ ತೋಟದ ಕೆಳಗಿನ ಅಂಚಿನಲ್ಲಿ ಪೈಪು ನೋಡಲು ಹೋಗಿದ್ದೆ. ಬಲಗಿವಿಯಲ್ಲಿ ಮಾತು ಓಡುತ್ತಿತ್ತು. ಎಡಗಿವಿಗೆ ಬೈನೆ ಮರ ಸೀಳುವ ಸದ್ದು ಬಂತು, ನಿಧಾನವಾಗಿ, ಬಟ್ಟೆ ಹರಿದ ಹಾಗೆ. ಆಮೇಲೆ ಒಂದು ಉಸಿರು. ಮೂವತ್ತು ಅಡಿ ದೂರ ಇರಬಹುದು. ಕಾಫಿ ಗಿಡದ ಎತ್ತರದಲ್ಲಿ ಏನೂ ಕಾಣಲಿಲ್ಲ, ಗಿಡ ಮಾತ್ರ ಅಲ್ಲಾಡಿತು. ಬಂದ ದಾರಿಯಲ್ಲೇ ಹಿಂದೆ ಸರಿದು ಮನೆ ಸೇರಿದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಆನೆ ಇಳಿದಿದೆ’ ಅಂತ ವಾಯ್ಸ್ ಮೆಸೇಜ್ ಬಂದು ಹತ್ತು ನಿಮಿಷ ಆಗಿತ್ತು. ತೋಟದೊಳಗೆ ನೆಟ್‌ವರ್ಕ್ ಇಲ್ಲದೆ ಅದು ನನಗೆ ಮುಟ್ಟಿರಲಿಲ್ಲ.

ಹಾಗಾಗಿ ಕಿವಿ ಮುಚ್ಚದ, ಕಿವಿಯ ಹೊರಗೆ ಕೂರುವ ಓಪನ್ ಇಯರ್ ಇಯರ್‌ಫೋನ್ ತಗೊಳ್ಳಿ. ದುಡ್ಡು ಜಾಸ್ತಿ ಅನ್ನಿಸಿದರೆ ಫೋನನ್ನು ಅಂಗಿ ಜೇಬಿನಲ್ಲಿಟ್ಟು ಸಣ್ಣ ಧ್ವನಿಯಲ್ಲಿ ಸ್ಪೀಕರ್ ಹಾಕಿಕೊಳ್ಳಿ. ತೋಟಕ್ಕೆ ಇಳಿಯುವ ಮೊದಲು ಮನೆಯ ವೈಫೈಯಲ್ಲಿ ಊರಿನ ಗುಂಪು ಒಮ್ಮೆ ನೋಡಿ. ಆ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು, ಫಾರ್ವರ್ಡು ಹಾಕಬೇಡಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿ. ಆನೆ ಸುದ್ದಿ ಅದರಡಿ ಹೂತುಹೋಗಬಾರದು, ಅಲ್ವಾ?

ತೇವದ ವಿಷಯ ಬೇಗ ಹೇಳುತ್ತೇನೆ. ಕ್ಯಾಮೆರಾ ಲೆನ್ಸಿಗೆ ಬೂಸ್ಟು ಹಿಡಿಯುವುದು ನಮ್ಮಲ್ಲಿ ಮಾಮೂಲು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ ಅದರೊಳಗಿಡಿ. ಬಣ್ಣ ಬದಲಾದಾಗ ಜೆಲ್ಲನ್ನು ಒಣಗಿಸಿ ಮತ್ತೆ ಹಾಕಬಹುದು. ಫೋನು ನೆನೆದರೆ ಆಫ್ ಮಾಡಿ, ಚಾರ್ಜಿಂಗ್ ತೂತು ಕೆಳಗೆ ಮಾಡಿ ಫ್ಯಾನಿನ ಗಾಳಿಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಧೂಳು ಒಳಗೆ ಹೋಗುತ್ತದೆ. ಬಟ್ಟೆ ಒಣಗಿಸಿದ ಹಾಗೆ ಒಲೆ ಮೇಲೂ ಇಡಬೇಡಿ.

ವೆಬ್ ಸೇವೆಗಳಲ್ಲಿ ನಮ್ಮ ಮನೆಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಗೂಗಲ್ ಶೀಟ್ಸ್. ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ‘ಎರಡಿಂಚು ನಲವತ್ತು ಸೆಂಟ್’ ಅನ್ನುತ್ತಾರೆ. ಆಮೇಲೆ ಡೈರಿಯಲ್ಲಿ ಬರೆಯುತ್ತಾರೆ. ನಾನು ಅದನ್ನು ಶೀಟಿನಲ್ಲಿ 240 ಅಂತ ಹಾಕುತ್ತೇನೆ. 100 ಸೆಂಟ್ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪಕ್ಕದ ಕಾಲಮ್ಮಿನಲ್ಲಿ 0.254ರಿಂದ ಗುಣಿಸುವ ಸೂತ್ರ ಹಾಕಿದರೆ ಮಿಲಿಮೀಟರ್ ತಾನೇ ಬರುತ್ತದೆ. ಇದು ಯಾಕೆ ಬೇಕು ಅಂದರೆ ಹವಾಮಾನ ಇಲಾಖೆಯ ಭಾಷೆ ಮಿಲಿಮೀಟರ್. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅವರು ‘ಅತ್ಯಂತ ಭಾರಿ’ ಮಳೆ ಅನ್ನುತ್ತಾರೆ. ಅಪ್ಪನ ಲೆಕ್ಕದಲ್ಲಿ ಅದು 8 ಇಂಚು 5 ಸೆಂಟ್. ಹೀಗೆ ಹೇಳಿದ ಮೇಲೆ ಅವರಿಗೆ ಟಿವಿಯಲ್ಲಿ ಹೇಳುವ ಎಚ್ಚರಿಕೆ ಎಷ್ಟರದ್ದು ಅಂತ ಅಂದಾಜು ಸಿಕ್ಕಿತು. ಫೋನಿನ ಶೀಟ್ಸ್ ಆ್ಯಪಿನಲ್ಲಿ ಆ ಫೈಲಿಗೆ ‘ಆಫ್‌ಲೈನ್’ ಆನ್ ಮಾಡಿಟ್ಟರೆ ನೆಟ್ ಇಲ್ಲದ ದಿನವೂ ಬರೆಯಬಹುದು. ನೆಟ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಡೈರಿ ಮಾತ್ರ ನಿಲ್ಲಿಸಬೇಡಿ. ನಮ್ಮಲ್ಲಿ ಎರಡೂ ನಡೆಯುತ್ತಿವೆ.

ಎಲ್ಲ ತಯಾರಾದ ಮೇಲೆ ಕೊನೆಯ ಕೆಲಸ ಒಂದಿದೆ. ಮೇ ತಿಂಗಳ ಒಂದು ಸಂಜೆ, ಮಳೆ ಇಲ್ಲದ ದಿನ, ಮೇನ್ ಸ್ವಿಚ್ ಆಫ್ ಮಾಡಿ. ಮೊಬೈಲ್ ಡೇಟಾನೂ ಆಫ್ ಮಾಡಿ. ಮಾರನೇ ಬೆಳಿಗ್ಗೆವರೆಗೆ ಹಾಗೇ ಇರಿ. ಕಳೆದ ವರ್ಷ ನಾವು ಹೀಗೆ ಮಾಡಿದಾಗ ಮಿನಿ ಯುಪಿಎಸ್ ಹತ್ತು ನಿಮಿಷಕ್ಕೇ ನಿಂತಿತು, ಸೆಲ್ ಹಳೆಯದಾಗಿತ್ತು. ರೇಡಿಯೋದ ಸೆಲ್ ಒಳಗೇ ಸೋರಿ ಸ್ಪ್ರಿಂಗು ಹಸಿರಾಗಿತ್ತು. ಮಡಿಕೇರಿಗೆ ಹೋಗಿ ಎರಡನ್ನೂ ತರಲು ಇನ್ನೂ ಹತ್ತು ದಿನ ಬಿಸಿಲು ಉಳಿದಿತ್ತು.